ಸರ್ಕಾರಿ ಶಾಲಿ ಮಕ್ಕಳ ಕಣ್ಣು ತಪಾಸಣೆ: ಕ್ಲಬ್ಬಿನಿಂದ ಮೊದಲ ಸಲ, ಹೆಂಗ ಮಾಡೂದು?

ಮುಂಡರಗಿ_ರಸ್ತೆ:
ನಮ್ಮದು ಗದಗ ಕಡೆ ಹೊಸ ಸೇವಾ ಕ್ಲಬ್ಬು, ಸದಸ್ಯರು 24 ಮಂದಿ. ಮುಂಡರಗಿ ತಾಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ (1ರಿಂದ 8ನೇ ತರಗತಿ, 220 ಮಕ್ಕಳು) ಕಣ್ಣು ತಪಾಸಣೆ ಮಾಡಿಸಿ, ಬೇಕಾದವರಿಗೆ ಚಸ್ಮಾ ಕೊಡಿಸೋ ವಿಚಾರ ಐತಿ. ಕೈಯಾಗ 60,000 ರೂಪಾಯಿ. ಒಂದು ರವಿವಾರ ಡಾಕ್ಟರನ್ನ ಕರಕೊಂಡು ಹೋಗಿ ಮುಗಿಸಿಬಿಡೋಣ ಅಂತ ಕೆಲವರು, ಉಳಿದ ರೊಕ್ಕದಾಗ ಸ್ಕೂಲ್ ಬ್ಯಾಗ್ ಹಂಚೋಣ ಅಂತ ಇನ್ನ ಕೆಲವರು. ತಿಳಿದವರು ಹೇಳ್ರಿ, ಏನೇನು ಬೇಕು, ಎಲ್ಲಿ ಎಡವತೀವಿ?

ಬೆಟಗೇರಿ_ಮಗ್ಗ:
ರವಿವಾರ ಬ್ಯಾಡ್ರಿ. ಅರ್ಧಕ್ಕರ್ಧ ಮಕ್ಕಳು ಬರೂದಿಲ್ಲ. ಊರ ಸಂತಿ ದಿನಾನೂ ಬಿಟ್ಟು, ಶಾಲಿ ನಡೆಯೋ ದಿನ ಹಿಡೀರಿ. ಮತ್ತ 220 ಮಕ್ಕಳನ್ನೂ ಡಾಕ್ಟರೇ ನೋಡಬೇಕಂತಿಲ್ಲ. ಮೊದಲು ಜರಡಿ ಹಿಡೀಬೇಕು. ಅದನ್ನ ನಿಮ್ಮ ಸದಸ್ಯರು, ಮಾಸ್ತರು ಕೂಡಿ ಮಾಡಬಹುದು, ಅರ್ಧ ತಾಸು ಕಲಿಸಿದ್ರ ಸಾಕು.

ಬೇಕಾಗೂದು ಕಣ್ಣು ನೋಡೋ ಎರಡು ಚಾರ್ಟು, ಅಳತಿ ಟೇಪು, ಸುಣ್ಣದ ಕಡ್ಡಿ, ತರಗತಿವಾರು ಹೆಸರಿನ ಪಟ್ಟಿ. ಒಂದನೇ ಎರಡನೇ ತರಗತಿ ಮಕ್ಕಳಿಗೆ ಅಕ್ಷರ ಓದಸಾಕ ಹೋಗಬ್ಯಾಡ್ರಿ. ಇಂಗ್ಲಿಷಿನ 'E' ಆಕಾರ ನಾಲ್ಕೂ ದಿಕ್ಕಿಗೆ ತಿರುಗಿರೋ ಚಾರ್ಟು ತಂದು, ಕಾಲು ಯಾವ ಕಡೆ ಅದಾವು ಅಂತ ಬೆರಳಲೇ ತೋರಸಾಕ ಹೇಳ್ರಿ. ದೂರ 6 ಮೀಟರ್, ಅಂದ್ರ ಸುಮಾರು 20 ಅಡಿ. ಹೆಜ್ಜಿ ಹಾಕಿ ಅಳೀಬ್ಯಾಡ್ರಿ, ಟೇಪ್ ಹಿಡಿದು ನೆಲಕ್ಕ ಗೆರಿ ಎಳೀರಿ. ಚಾರ್ಟು ಮಗುವಿನ ಕಣ್ಣಿನ ಎತ್ತರಕ್ಕ ಇರಲಿ, ಬೆಳಕು ಚಾರ್ಟಿನ ಮ್ಯಾಲ ಬೀಳಲಿ. ಪಡಸಾಲ್ಯಾಗ ಬಿಸಿಲು ಎದುರಾದ್ರ ಚಲೋ ಕಣ್ಣಿನವರೂ ಫೇಲ್ ಆಗ್ತಾರ.

ಒಂದೊಂದು ಕಣ್ಣು ಬ್ಯಾರೆ ಬ್ಯಾರೆ ನೋಡ್ರಿ. ಅಂಗೈ ಬಟ್ಟಲ ಮಾಡಿ ಮುಚ್ಚಬೇಕು, ಒತ್ತಬಾರದು. ಒತ್ತಿದ್ರ ಆ ಕಣ್ಣು ತೆರೆದ ಮ್ಯಾಲೂ ತುಸು ಹೊತ್ತು ಮಂಜು. ಬೆರಳ ಸಂದ್ಯಾಗ ಇಣುಕೋ ಕಿಲಾಡಿಗಳೂ ಇರ್ತಾವು. ಸರದಿಯಾಗ ನಿಂತವರನ್ನ ಗ್ವಾಡಿ ಆಚೆ ಇಡ್ರಿ, ಇಲ್ಲಂದ್ರ ಮುಂದಿನವ ಹೇಳಿದ್ದನ್ನ ಹಿಂದಿನವ ಬಾಯಿಪಾಠ ಮಾಡಿರ್ತಾನ! ಚಾರ್ಟಿನಾಗ 6/9 ಅಂತ ಬರೆದಿರೋ ಸಾಲು ಯಾವುದಾದರೂ ಒಂದು ಕಣ್ಣಿಗೆ ಕಾಣದಿದ್ರ ಹೆಸರಿನ ಮುಂದ ಗುರುತು. ಮಗುವಿಗೆ 2 ನಿಮಿಷ ಹಿಡಿದ್ರ, ಎರಡು ಚಾರ್ಟಿಗೆ ನಾಲ್ಕು ತಾಸಿನ ಕೆಲಸ.

ಕಣ್ಣಿನ_ಕೋಣೆ:
ಮೇಲಿನವರು ಹೇಳಿದ್ದು ಸರಿ. ಎರಡನೇ ಹಂತದ, ಅಂದರೆ ಗುರುತು ಬಿದ್ದವರನ್ನು ಕಣ್ಣಿನ ಡಾಕ್ಟರು ನೋಡುವುದರ ಬಗ್ಗೆ ಸ್ವಲ್ಪ ಸೇರಿಸುತ್ತೇನೆ.

ಗುರುತು ಬಿದ್ದ ಮಕ್ಕಳಿಗೆ ಚಸ್ಮಾದ ನಂಬರ್ ತೆಗೆಯುವ ಮೊದಲು ಸಾಮಾನ್ಯವಾಗಿ ಕಣ್ಣಿಗೆ ಹನಿ ಹಾಕಬೇಕಾಗುತ್ತದೆ. ಮಕ್ಕಳ ಕಣ್ಣು ತಾನೇ ಬಿಗಿ ಹಿಡಿದು ಸರಿಮಾಡಿಕೊಳ್ಳುತ್ತದೆ. ಹನಿ ಹಾಕದೆ ನೋಡಿದರೆ ಇಲ್ಲದ ಮೈನಸ್ ನಂಬರ್ ಬರಬಹುದು. ಸೈಕ್ಲೋಪೆಂಟೋಲೇಟ್ ಅನ್ನುವ ಹನಿ ಹಾಕಿದರೆ ಸುಮಾರು ಒಂದು ದಿನ ಹತ್ತಿರದ್ದು ಮಂಜು, ಬಿಸಿಲು ಚುಚ್ಚುತ್ತದೆ. ಅಟ್ರೋಪಿನ್ ಹಾಕಿದರೆ ವಾರಕ್ಕೂ ಹೆಚ್ಚು. ಹಾಗಾಗಿ ಶಾಲೆಯ ಪರೀಕ್ಷೆಯ ಹೊತ್ತಲ್ಲಿ ಬೇಡವೇ ಬೇಡ. ಪಾಲಕರ ಸಹಿ ಇರುವ ಚೀಟಿ ಮೊದಲೇ ತರಿಸಿ. ಹನಿ ವಿಷಯ ಅದರಲ್ಲಿ ಸ್ಪಷ್ಟವಾಗಿ ಬರೆದಿರಲಿ, ಇಲ್ಲದಿದ್ದರೆ ಸಂಜೆ 'ಹುಡುಗನ ಕಣ್ಣು ಹಾಳು ಮಾಡಿದರು' ಅಂತ ಶಾಲೆಯ ಮುಂದೆ ಜನ ಸೇರುತ್ತಾರೆ.

ಒಂದು ಕಣ್ಣು ಚೆನ್ನಾಗಿದ್ದು ಇನ್ನೊಂದು ತೀರಾ ಮಂದ ಇದ್ದರೆ, ಅಥವಾ ಮೆಳ್ಳಗಣ್ಣು ಇದ್ದರೆ, ಚಸ್ಮಾ ಕೊಟ್ಟು ಕೈತೊಳೆದುಕೊಳ್ಳಬೇಡಿ. ಚಲೋ ಕಣ್ಣಿಗೆ ಪಟ್ಟಿ ಕಟ್ಟಿ ಮಂದ ಕಣ್ಣನ್ನು ದುಡಿಸುವ ಚಿಕಿತ್ಸೆ ಬೇಕಾಗಬಹುದು. ಏಳೆಂಟು ವರ್ಷದೊಳಗೆ ಶುರುವಾದರೆ ಫಲ ಹೆಚ್ಚು. ಅದಕ್ಕೇ 1ರಿಂದ 3ನೇ ತರಗತಿಯನ್ನು ಮೊದಲು ನೋಡಿ.

ಚಸ್ಮಾಕ್ಕೆ ಪ್ಲಾಸ್ಟಿಕ್ ಲೆನ್ಸೇ ಇರಲಿ, ಗಾಜು ಬೇಡ. ಎರಡು ಕಣ್ಣುಪಾಪೆಗಳ ನಡುವಿನ ಅಂತರ ಪ್ರತಿ ಮಗುವಿಗೂ ಅಳೆಯಬೇಕು. ಒಂದೇ ಅಳತೆಯ ಫ್ರೇಮು ಡಜನ್‌ಗಟ್ಟಲೆ ತಂದರೆ ತಲೆನೋವು ಖಾತ್ರಿ. ಹಂಚುವ ದಿನ ಚಸ್ಮಾ ಹಾಕಿಸಿ ಅದೇ ಚಾರ್ಟು ಮತ್ತೆ ಓದಿಸಿ; ಹೆಸರು ಅದಲುಬದಲಾಗಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ.

ಹಾವೇರಿ_ಏಲಕ್ಕಿ:
ಕಾಗದಪತ್ರದ ಮಾತು. ಮುಖ್ಯೋಪಾಧ್ಯಾಯರು, ಎಸ್‌ಡಿಎಂಸಿ (ಶಾಲೆಯ ಮೇಲುಸ್ತುವಾರಿ ಸಮಿತಿ) ಒಪ್ಪಿದರೆ ಸಾಲದು, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೂ ಪತ್ರ ಕೊಡ್ರಿ. ಹಂಗ ತಾಲೂಕು ಆರೋಗ್ಯಾಧಿಕಾರಿ ಕಚೇರಿಗೆ ಹೋಗಿ, ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಆ ಶಾಲಿಗೆ ಯಾವಾಗ ಬರತೈತಿ ಕೇಳ್ರಿ. 2013ರಿಂದ ನಡೆದಿರೋ ಯೋಜನೆ, 18 ವರ್ಷದ ತನಕದ ಮಕ್ಕಳಿಗೆ. ಅವರ ಮೂಲಕ ಜಿಲ್ಲಾ ಮಟ್ಟಕ್ಕ ಕಳಿಸಿದ್ರ ಮುಂದಿನ ಚಿಕಿತ್ಸೆ ಪುಕ್ಕಟೆ. ಅವರು ಬರೋ ದಿನಾನೇ ನಿಮ್ಮ ದಿನ ಹೊಂದಿಸ್ಕೊಂಡ್ರ ಎರಡು ಸಲ ಮಾಡೋದು ತಪ್ಪತೈತಿ.

ಖರ್ಚಿನ ಪಟ್ಟ್ಯಾಗ ಎಲ್ಲಾರೂ ಮರೆಯೋದು ಟೆಂಪೋ ಬಾಡಿಗಿ. ಎರಡನೇ ಹಂತಕ್ಕ ಗದಗಿಗೋ ಹುಬ್ಬಳ್ಳಿಗೋ ಮಕ್ಕಳ ಜೊತಿ ಪಾಲಕರೂ ಬರಬೇಕು. ಕೂಲಿ ಬಿಟ್ಟು ಬರೋರಿಗೆ ಊಟಾನಾದ್ರೂ ಕೊಡ್ರಿ. ಬ್ಯಾಗ್ ಸದ್ಯ ಬಿಡ್ರಿ. ಪಠ್ಯಪುಸ್ತಕ, ಸಮವಸ್ತ್ರ ಸರ್ಕಾರದಿಂದ ಬರ್ತಾವು, ಉಳಿದದ್ದು ಏನು ಕಡಿಮಿ ಐತಿ ಅಂತ ಹೆಡ್‌ಮಾಸ್ತರನ್ನ ಕೇಳಿ ಆಮ್ಯಾಲ ನೋಡ್ರಿ. ಬ್ಯಾನರು, ಶಾಲು, ಹಾರಕ್ಕ ಮಂದಿ ಕೊಟ್ಟ ದೇಣಿಗಿ ಮುಟ್ಟಬ್ಯಾಡ್ರಿ. ಲಯನ್ಸ್‌ನಾಗ ಆಡಳಿತದ ಖಾತೆ, ಸೇವೆಯ ಖಾತೆ ಬ್ಯಾರೆ ಬ್ಯಾರೆ ಇಡೂದು ಇದಕ್ಕ. ಆದಾಯ ತೆರಿಗೆ ವಿನಾಯಿತಿಯ ರಸೀದಿ (80ಜಿ ಅಂತಾರಲ್ಲ, ಅದು) ಕೊಡೋ ಟ್ರಸ್ಟ್ ನಿಮಗಿದ್ರ, 2,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟವರಿಗೆ ವಿನಾಯಿತಿ ಸಿಗೂದಿಲ್ಲ ಅಂತ ಮೊದಲೇ ಹೇಳಿಬಿಡ್ರಿ.

ಮುಂಡರಗಿ_ರಸ್ತೆ:
ಉಪಕಾರ ಆತ್ರಿ. ಹಂಗಾದ್ರ ಫೆಬ್ರವರಿಗೆ ಹಾಕ್ಕೊಳ್ಳೋಣೇನು? ಸದಸ್ಯರಿಗೆ ಆವಾಗ ಪುರುಸೊತ್ತು.

ಬೆಟಗೇರಿ_ಮಗ್ಗ:
ಬ್ಯಾಡ್ರಿ. ರೋಟರಿ, ಲಯನ್ಸ್ ಎರಡರ ವರ್ಷಾನೂ ಜುಲೈ 1ಕ್ಕ ಶುರು. ಫೆಬ್ರವರಿಗೆ ಮಾಡಿದ್ರ ಚಸ್ಮಾ ಬರೂದ್ರಾಗ ಪರೀಕ್ಷೆ, ಆಮ್ಯಾಲ ಬ್ಯಾಸಿಗಿ ಸೂಟಿ, ಅದು ಮುಗಿಯೂದ್ರಾಗ ನಿಮ್ಮ ಅಧ್ಯಕ್ಷರು ಬದಲಿ, ಎಂಟನೇ ತರಗತಿಯವರು ಹೈಸ್ಕೂಲಿಗೆ. ಯಾರು ಕೇಳವರು? ಜುಲೈ-ಆಗಸ್ಟಿಗೆ ಮಾಡ್ರಿ, ದಸರಾ ಸೂಟಿ ಮೊದಲು ಒಂದು ಸಲ, ಡಿಸೆಂಬರಿನಾಗ ಇನ್ನೊಂದು ಸಲ ಹೋಗಿ ಬರ್ರಿ. ಹೇಳದೇ ಹೋಗ್ರಿ, ಮತ್ತ ಎಷ್ಟು ಚಸ್ಮಾ ಹಂಚಿದ್ವಿ ಅನ್ನೂದಕ್ಕಿಂತ ಮೂಗಿನ ಮ್ಯಾಲ ಎಷ್ಟು ಅದಾವು ಅಂತ ಎಣಸ್ರಿ.

ಹಾಕದವರಿಗೆ ಕಾರಣ ಕೇಳಿದ್ರ ಬ್ಯಾರೆ ಬ್ಯಾರೆ ಬರ್ತಾವು. ಕಿವಿ ಹಿಂದ ಕಡ್ಡಿ ಒತ್ತತೈತಿ, ಹುಡುಗ್ರು ಕಾಡ್ತಾರ, ಒಡದೀತು ಅಂತ ಅವ್ವ ಟ್ರಂಕಿನಾಗ ಇಟ್ಟಾಳ. ಹೆಣ್ಣುಮಕ್ಕಳ ತಾಯಂದಿರದು ಇನ್ನೊಂದು: ನಮ್ಮ ಕಡೆ ಚಸ್ಮಾಕ್ಕ ಚಾಳೀಸು (ಹಿಂದ್ಯಾಗ ನಲವತ್ತು) ಅಂತಾರಲ್ಲ, ನಲವತ್ತಕ್ಕ ಬರೋದು ಈಗಲೇ ಬಂತು, ನಾಳೆ ಲಗ್ನಕ್ಕ ತೊಡಕು ಅನ್ನೋ ಅಂಜಿಕಿ. ಅದಕ್ಕ ಹಂಚೋ ದಿನ ತಾಯಂದಿರನ್ನ ಕರೆಸಿ, ಮಗಳು ಚಸ್ಮಾ ಹಾಕ್ಕೊಂಡು ದೂರದ ಫಲಕ ಓದೂದನ್ನ ಅವರ ಮುಂದ ತೋರಸ್ರಿ.

ಕಡ್ಡಿಯ ಸಣ್ಣ ಸ್ಕ್ರೂ ಉದುರೋದು ದಿನದ ಮಾತು. ಸಣ್ಣ ಸ್ಕ್ರೂಡ್ರೈವರ್ ಒಂದು, ಸ್ಕ್ರೂ ಒಂದು ಡಬ್ಬಿ ಮಾಸ್ತರ ಕಡೆ ಕೊಟ್ಟು ಬರ್ರಿ.