882ರಲ್ಲಿ ಬರುತ್ತಿದ್ದ ಯೇಸುವಿನ ಹಾಡು, ಈಗ ಬರೀ ಗರ್ರ್

ಲಿಂಗರಾಜಪುರ ಮನೆ:
ಅಮ್ಮನಿಗೆ ಮಲಗುವ ಮುಂಚೆ ರೇಡಿಯೊ ಬೇಕೇ ಬೇಕು. ಮೀಡಿಯಂ ವೇವ್ 882ರಲ್ಲಿ ತಮಿಳಿನ ಯೇಸುವಿನ ಹಾಡು ಬರುತ್ತದೆ. ನಾವು ಹೋಗುವುದು ಕನ್ನಡ ಚರ್ಚಿಗೆ. ಆದರೆ ಅಮ್ಮ ಹುಟ್ಟಿದ್ದು ಕೆಜಿಎಫ್‌ನಲ್ಲಿ, ಆ ಹಾಡೆಲ್ಲ ಬಾಯಿಪಾಠ. ಮೊಬೈಲಿನಲ್ಲಿ ಹಾಕಿಕೊಟ್ಟೆ. ‘ಇದು ನೀನು ಹಾಕಿದ್ದು, ಅದು ತಾನಾಗೇ ಬರೋದು’ ಅಂದರು. ಇದಕ್ಕೆ ಏನು ಹೇಳಲಿ?

ಹೋದ ತಿಂಗಳಿಂದ ಬರೀ ಗರ್ರ್ ಸದ್ದು. ಆಕಾಶವಾಣಿ 612 ಮಾತ್ರ ಜೋರಾಗಿ ಬರುತ್ತದೆ. ಹಗಲಲ್ಲಂತೂ 882 ಮೊದಲಿಂದಲೂ ಇಲ್ಲ. ರಿಪೇರಿ ಅಂಗಡಿಯವರು ರೇಡಿಯೊ ಬಿಚ್ಚಲೂ ಇಲ್ಲ, ಬ್ಲೂಟೂತ್ ಸ್ಪೀಕರ್ ತೋರಿಸಿದರು. ಕೆಟ್ಟಿರುವುದು ರೇಡಿಯೊನಾ, ಸ್ಟೇಷನ್ನಾ?

ಹಳೇ ಟ್ರಾನ್ಸಿಸ್ಟರ್:
612 ಚೆನ್ನಾಗಿ ಬಂದರೆ ರೇಡಿಯೊ ಸರಿಯಿದೆ. 882 ಬರುವುದು ಶ್ರೀಲಂಕಾದ ಪುತ್ತಳಂನಿಂದ. ಟ್ರಾನ್ಸ್ ವರ್ಲ್ಡ್ ರೇಡಿಯೊದ್ದು, 400 ಕಿಲೋವ್ಯಾಟ್. ಬೆಂಗಳೂರಿಗೆ ಸುಮಾರು 600 ಕಿ.ಮೀ. ಹಗಲಲ್ಲಿ ಬಿಸಿಲಿಗೆ ಆಕಾಶದಲ್ಲಿ ಒಂದು ಪದರ ಹುಟ್ಟಿ ಈ ಅಲೆಗಳನ್ನು ನುಂಗಿಬಿಡುತ್ತದೆ. ಸೂರ್ಯ ಮುಳುಗಿದರೆ ಆ ಪದರ ಇಲ್ಲ. ಆಗ ಅಲೆ ಇನ್ನೂ ಮೇಲೆ ಹೋಗಿ, ಅಲ್ಲಿಂದ ತಿರುಗಿ ನಮ್ಮ ಕಡೆ ಇಳಿಯುತ್ತದೆ.

ಗರ್ರ್ ಮಾತ್ರ ನಿಮ್ಮ ಮನೆಯದೇ ಇರಬೇಕು. ಸೆಲ್ ಹಾಕಿ, ಮೇನ್ ಸ್ವಿಚ್ ಆಫ್ ಮಾಡಿ ಕೇಳಿ. ಹೋದ ತಿಂಗಳು ಹೊಸದಾಗಿ ಏನು ತಂದಿರಿ?

ಶಾರ್ಟ್ ವೇವ್ ಆಂಟಿ:
ಏರಿಯಲ್ ಎಳೆದು ಸುಸ್ತಾಗಬೇಡಿ, ಮೀಡಿಯಂ ವೇವ್‌ಗೆ ಅದು ಕೆಲಸಕ್ಕೆ ಬರುವುದಿಲ್ಲ. ಒಳಗೆ ಒಂದು ಫೆರೈಟ್ ಕಡ್ಡಿ ಇರುತ್ತದೆ, ಮೀಡಿಯಂ ವೇವ್ ಹಿಡಿಯುವುದು ಅದೇ. ಅದರ ತುದಿ ಸ್ಟೇಷನ್ ಕಡೆ ನೋಡಿದರೆ ಸದ್ದೇ ಇಲ್ಲ, ಅಡ್ಡಲಾಗಿದ್ದರೆ ಜಾಸ್ತಿ. ರೇಡಿಯೊ ಮುಖ ದಕ್ಷಿಣಕ್ಕೆ ತಿರುಗಿಸಿ, ಸ್ವಲ್ಪ ಪೂರ್ವಕ್ಕೆ ವಾಲಿಸಿ ನೋಡಿ. ಸೇಶೆಲ್ಸ್‌ನಿಂದ ಬರುತ್ತಿದ್ದ ಫೆಬಾ ಅನ್ನೋ ಕ್ರೈಸ್ತ ರೇಡಿಯೊ ಕೇಳುತ್ತಿದ್ದ ಕಾಲದಲ್ಲಿ ನಮ್ಮತ್ತೆ ಏರಿಯಲ್ ತುದಿಗೆ ಬಟ್ಟೆ ಒಣಹಾಕುವ ತಂತಿ ಸುತ್ತುತ್ತಿದ್ದರು. ಅದು ಶಾರ್ಟ್ ವೇವ್, ಅಲ್ಲಿ ನಡೆಯುತ್ತಿತ್ತು. 2003ರಲ್ಲಿ ಅದೂ ನಿಂತಿತು.

ಲಿಂಗರಾಜಪುರ ಮನೆ:
ಮೇನ್ ಆಫ್ ಮಾಡಿದ ತಕ್ಷಣ ಹಾಡು! ಆಮೇಲೆ ಒಂದೊಂದೇ ಸ್ವಿಚ್ ಹಾಕುತ್ತಾ ಬಂದೆ. ಫ್ರಿಜ್ ಅಲ್ಲ, ಟಿವಿ ಅಲ್ಲ. ಅಮ್ಮನ ಕೋಣೆಗೆ ನಾನೇ ಹಾಕಿಸಿದ ಎಲ್‌ಇಡಿ ಟ್ಯೂಬ್. ‘ನಿನ್ನ ಲೈಟು ಬಂದಾಗಿಂದಲೇ ಹೀಗೆ ಅಂತ ನಾನು ಹೇಳಿದ್ದೆ’ ಅಂತಾರೆ. ಹೇಳಿದ್ದರಂತೆ, ನನಗೆ ನೆನಪಿಲ್ಲ.

ಈಗ ಲೈಟ್ ಆರಿಸಿಯೇ ಕೇಳುತ್ತಾರೆ. ಗರ್ರ್ ಅನ್ನದ ಟ್ಯೂಬ್ ಯಾವುದಾದರೂ ಗೊತ್ತಿದ್ದರೆ ಹೇಳಿ. ಕತ್ತಲಲ್ಲಿ ಬಿಪಿ ಮಾತ್ರೆ ತಡಕಾಡುತ್ತಾರೆ.