ರೆಡಿಸ್ ಲೈಸೆನ್ಸ್ ಬದಲಾವಣೆ: ಕಂಪನಿ ಸುಳ್ಳು ಹೇಳಿತಾ?

ಪ್ರಶ್ನೆ: ನಮಸ್ಕಾರ ಮೇಡಂ. ಮೈಸೂರಲ್ಲಿ ಎಂಟು ಜನರ ಸಾಫ್ಟ್‌ವೇರ್ ಕಂಪನಿ ನಮ್ಮದು. ಲಾಗಿನ್ ಸೆಷನ್, ಒಟಿಪಿ ಇಡೋಕೆ ರೆಡಿಸ್ ಅನ್ನೋ ಡೇಟಾಬೇಸ್ ಬಳಸ್ತೀವಿ. 2024ರಲ್ಲಿ ಅದರ ಲೈಸೆನ್ಸ್ ಬದಲಾಯ್ತಲ್ಲ, ಅದರ ಬಗ್ಗೆ ಆಫೀಸಲ್ಲಿ ಇವತ್ತಿಗೂ ಜಗಳ. ಒಬ್ಬ ‘ಶುದ್ಧ ಮೋಸ’ ಅಂತಾನೆ, ಇನ್ನೊಬ್ಬ ‘ಅವರ ಸಾಫ್ಟ್‌ವೇರ್, ಅವರಿಷ್ಟ’ ಅಂತಾನೆ. ಲೈಸೆನ್ಸ್ ವಿಚಾರ ನೋಡ್ಕೊಳ್ಳೋರು ನೀವು, ನಿಮಗೇನನ್ಸುತ್ತೆ?

ಉತ್ತರ: ಸರ್, ಇಬ್ಬರ ಮಾತನ್ನೂ ನಾನು ಪೂರ್ತಿ ಒಪ್ಪಲ್ಲ.

2024ರ ಮಾರ್ಚ್ 20ರಂದು ರೆಡಿಸ್ ಕಂಪನಿಯವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. 7.4ನೇ ಆವೃತ್ತಿಯಿಂದ ಬಿಎಸ್‌ಡಿ ಅನ್ನೋ ಮುಕ್ತ ಲೈಸೆನ್ಸ್ ಇರಲ್ಲ, ಹೆಚ್ಚು ನಿರ್ಬಂಧ ಇರೋ ಆರ್‌ಎಸ್‌ಎಎಲ್ ಅಥವಾ ಎಸ್‌ಎಸ್‌ಪಿಎಲ್ ಲೈಸೆನ್ಸ್ ಎರಡರಲ್ಲಿ ಒಂದನ್ನ ಒಪ್ಕೊಳ್ಳಿ ಅಂದ್ರು. ಯಾವ ಲೈಸೆನ್ಸ್ ಓಪನ್ ಸೋರ್ಸ್ ಅಂತ ಹೇಳೋ ಸಂಸ್ಥೆಯಾದ ಓಪನ್ ಸೋರ್ಸ್ ಇನಿಶಿಯೇಟಿವ್‌ನ ವ್ಯಾಖ್ಯೆ ಪ್ರಕಾರ ರೆಡಿಸ್ ಇನ್ಮುಂದೆ ಓಪನ್ ಸೋರ್ಸ್ ಅಲ್ಲ ಅಂತ ತಾವೇ ಬರೆದ್ರು. ಇಷ್ಟು ನೇರವಾಗಿ ಎಲ್ಲರೂ ಹೇಳಲ್ಲ. 2021ರಲ್ಲಿ ಎಲಾಸ್ಟಿಕ್ ಅನ್ನೋ ಇನ್ನೊಂದು ಸಾಫ್ಟ್‌ವೇರ್ ಕಂಪನಿ ಇಂಥದ್ದೇ ಬದಲಾವಣೆ ಮಾಡಿದಾಗ, ತಾವು ಮುಕ್ತತೆಗೆ ಇನ್ನೂ ಹೆಚ್ಚು ಬದ್ಧರು ಅನ್ನೋ ಅರ್ಥದ ತಲೆಬರಹ ಕೊಟ್ಟಿತ್ತು. ಅದನ್ನ ಓದಿ ನನಗೆ ಸಿಟ್ಟೇ ಬಂದಿತ್ತು.

ರೆಡಿಸ್ ವಿಷಯದಲ್ಲಿ ನನ್ನ ತಕರಾರು ಇರೋದು 2018ರ ಮಾತಿನ ಬಗ್ಗೆ. ಆಗ ಕಂಪನಿ ಹೆಸರು ರೆಡಿಸ್ ಲ್ಯಾಬ್ಸ್. ಆ ಆಗಸ್ಟ್‌ನಲ್ಲಿ ರೆಡಿಸ್‌ಗೆ ಜೋಡಿಸೋ ತಮ್ಮ ಕೆಲವು ಮಾಡ್ಯೂಲ್‌ಗಳಿಗೆ, ಅಂದ್ರೆ ಹೆಚ್ಚುವರಿ ಭಾಗಗಳಿಗೆ, ಮಾರಾಟ ತಡೆಯೋ ಕಾಮನ್ಸ್ ಕ್ಲಾಸ್ ಅನ್ನೋ ನಿರ್ಬಂಧ ಸೇರಿಸಿದ್ರು. ಜನ ಗಾಬರಿಯಾದ್ರು, ನಾಳೆ ಮೂಲ ರೆಡಿಸ್‌ಗೂ ಇದೇ ಗತಿಯಾ ಅಂತ. ಆಗ ಕಂಪನಿ, ರೆಡಿಸ್ ಲೈಸೆನ್ಸ್ ಬಿಎಸ್‌ಡಿ, ಮುಂದೆಯೂ ಬಿಎಸ್‌ಡಿಯೇ ಅಂತ ಲಿಖಿತವಾಗಿ ಮಾತು ಕೊಡ್ತು. ರೆಡಿಸ್ ಹುಟ್ಟುಹಾಕಿದ ಸಾಲ್ವತೋರೆ ಸಾನ್‌ಫಿಲಿಪ್ಪೊ ಕೂಡ ಅದನ್ನೇ ಬರೆದ್ರು. ಸಾವಿರಾರು ಜನ ಆ ಮಾತು ನಂಬಿ ನೆಮ್ಮದಿಯಾದ್ರು. ನಾನೂ ನಂಬಿದ್ದೆ. ಗ್ರಾಹಕರಿಗೆ ಕೊಟ್ಟ ವರದಿಯಲ್ಲಿ ‘ರೆಡಿಸ್, ತೊಂದರೆ ಇಲ್ಲ’ ಅಂತ ಸಹಿ ಹಾಕಿದ್ದೆ.

ಕಾನೂನಿನ ಪ್ರಕಾರ ಅವರದ್ದು ತಪ್ಪಲ್ಲ. ಬಿಎಸ್‌ಡಿ ಒಂದು ಪುಟದ ಲೈಸೆನ್ಸ್. ಕಾಪಿರೈಟ್ ಸೂಚನೆ ಉಳಿಸ್ಕೊಂಡ್ರೆ ಆ ಕೋಡನ್ನ ಬೇರೆ ಲೈಸೆನ್ಸಿನ ಉತ್ಪನ್ನದಲ್ಲಿ ಯಾರು ಬೇಕಾದ್ರೂ ಸೇರಿಸಬಹುದು, ಆ ಕಂಪನಿಯೂ ಸೇರಿಸಬಹುದು. ಆದ್ರೆ ‘ಅವರಿಷ್ಟ’ ಅನ್ನೋ ನಿಮ್ಮ ಹುಡುಗನಿಗೆ ನಾನು ಕೇಳೋದು: ಆ ಕೋಡ್ ಬರೆದೋರೆಲ್ಲ ಆ ಕಂಪನಿಯವರಾ? 2018ರ ಭರವಸೆ ನೋಡಿಯೇ ಎಷ್ಟೋ ಹೊರಗಿನವರು ರಾತ್ರಿ ಕೂತು ಪ್ಯಾಚ್ (ಕೋಡಿನ ತಿದ್ದುಪಡಿ) ಬರೆದುಕೊಟ್ರು.

ಇನ್ನೊಬ್ಬ ಸದಸ್ಯರು: ಆದ್ರೆ ಮೇಡಂ, ಅಮೆಜಾನ್‌ನಂಥೋರು ಬಿಟ್ಟಿ ತಗೊಂಡು ದುಡ್ಡು ಮಾಡ್ತಿದ್ರಲ್ಲ? ಕಂಪನಿ ಬದುಕಬೇಡ್ವಾ? ಪರಿಸ್ಥಿತಿ ಬದಲಾದ್ರೆ ಮಾತೂ ಬದಲಾಗುತ್ತೆ.

ಉತ್ತರ: ಪರಿಸ್ಥಿತಿ ಬದಲಾಗಿತ್ತಾ ಅನ್ನೋದೇ ಪ್ರಶ್ನೆ ಸರ್. ಅಮೆಜಾನ್ ತನ್ನ ಎಲಾಸ್ಟಿಕ್ಯಾಶ್ ಅನ್ನೋ ಕ್ಲೌಡ್ ಸೇವೆಯಲ್ಲಿ ರೆಡಿಸ್ ಕೊಡೋಕೆ ಶುರು ಮಾಡಿದ್ದು 2013ರಲ್ಲಿ. 2018ರಲ್ಲಿ ಮಾಡ್ಯೂಲ್‌ಗಳಿಗೆ ನಿರ್ಬಂಧ ಹಾಕಿದ್ದೂ ಇದೇ ಕ್ಲೌಡ್ ಕಂಪನಿಗಳ ಕಾರಣಕ್ಕೆ. ಅಂದ್ರೆ ತೊಂದರೆ ಏನು ಅಂತ ಚೆನ್ನಾಗಿ ಗೊತ್ತಿದ್ದಾಗಲೇ ಅವರು ಆ ಮಾತು ಕೊಟ್ಟಿದ್ದು. ಆವತ್ತು ಮನಸ್ಸಲ್ಲಿ ಏನಿತ್ತೋ ನಾನು ಹೇಳಲಾರೆ, ಅದಕ್ಕೇ ‘ಸುಳ್ಳು’ ಅನ್ನೋ ಪದ ಬಳಸಲ್ಲ. ಕೊಟ್ಟ ಮಾತು ಮುರಿದ್ರು, ಅಷ್ಟು ಖಚಿತವಾಗಿ ಹೇಳ್ತೀನಿ.

‘ಬಿಟ್ಟಿ’ ಅನ್ನೋದೂ ಪೂರ್ತಿ ಸರಿಯಲ್ಲ. ಸಾಲ್ವತೋರೆ 2020ರಲ್ಲಿ ಹಿಂದೆ ಸರಿದ ಮೇಲೆ ರೆಡಿಸ್ ನೋಡ್ಕೊಳ್ಳೋಕೆ ಐದು ಜನರ ಕೋರ್ ತಂಡ ಆಯ್ತು. ಮೂವರು ಕಂಪನಿಯವರು, ಒಬ್ಬರು ಅಮೆಜಾನ್, ಇನ್ನೊಬ್ಬರು ಅಲಿಬಾಬಾದವರು. ಲೈಸೆನ್ಸ್ ಬದಲಾಗಿ ಎಂಟೇ ದಿನಕ್ಕೆ ಲಿನಕ್ಸ್ ಫೌಂಡೇಶನ್ ಅನ್ನೋ ಲಾಭರಹಿತ ಸಂಸ್ಥೆ ಅಡಿ ವಾಲ್ಕೀ ಅನ್ನೋ ಕವಲು (ಅದೇ ಕೋಡಿನಿಂದ ಬೇರೆಯಾಗಿ ಬೆಳೆಸೋ ಸಾಫ್ಟ್‌ವೇರ್) ಘೋಷಣೆಯಾಯ್ತಲ್ಲ, ಅಷ್ಟು ಬೇಗ ಆಗಿದ್ದು ಹೇಗೆ? ರೆಡಿಸ್‌ನ ಒಳಹೊರಗು ಬಲ್ಲ ಇಂಥ ಹೊರಗಿನವರು ಮೊದಲೇ ಅಲ್ಲಿದ್ರು. ಅವರು 7.2.4ರ ಬಿಎಸ್‌ಡಿ ಕೋಡ್ ಎತ್ಕೊಂಡು ಕೆಲಸ ಮುಂದುವರಿಸಿದ್ರು. ಒಮ್ಮೆ ಬಿಎಸ್‌ಡಿಯಲ್ಲಿ ಕೊಟ್ಟಿದ್ದನ್ನ ವಾಪಸ್ ಕಿತ್ಕೊಳ್ಳೋಕಾಗಲ್ಲ.

ಮೊದಲ ಪ್ರಶ್ನೆ ಕೇಳಿದವರು: ಅರ್ಥ ಆಯ್ತು ಮೇಡಂ. ಈಗ ನಾವು ದುಡ್ಡು ಕಟ್ಬೇಕಾ?

ಉತ್ತರ: ಬೇಡ ಸರ್. ನಿಮ್ಮ ಆ್ಯಪ್ ಒಳಗೆ ಸೆಷನ್, ಒಟಿಪಿ ಇಡೋಕೆ ಬಳಸೋದಕ್ಕೆ ಯಾವ ಅಡ್ಡಿಯೂ ಇಲ್ಲ. ಆರ್‌ಎಸ್‌ಎಎಲ್ ಮುಖ್ಯವಾಗಿ ತಡೆಯೋದು ರೆಡಿಸ್ಸನ್ನೇ ಸರ್ವಿಸ್ ಮಾಡಿ ಬೇರೆಯವರಿಗೆ ಮಾರೋದನ್ನ. 2025ರ ಮೇನಲ್ಲಿ ಬಂದ ರೆಡಿಸ್ 8ಕ್ಕೆ ಎಜಿಪಿಎಲ್ ಅನ್ನೋ ಮೂರನೇ ಆಯ್ಕೆಯನ್ನೂ ಸೇರಿಸಿದ್ದಾರೆ, ಅದು ಒಪ್ಪಿತ ಓಪನ್ ಸೋರ್ಸ್ ಲೈಸೆನ್ಸ್. ಸಾಲ್ವತೋರೆ ಅಷ್ಟರಲ್ಲಿ ಕಂಪನಿಗೆ ಮರಳಿದ್ರು, ಈ ಬದಲಾವಣೆಯ ಪರ ಇದ್ದವರಲ್ಲಿ ಅವರೂ ಒಬ್ಬರು. ನನಗೆ ನಿಜವಾಗ್ಲೂ ಖುಷಿಯಾಯ್ತು. ಆದ್ರೂ ಹೊಸ ಪ್ರಾಜೆಕ್ಟ್‌ಗೆ ನನ್ನನ್ನ ಕೇಳಿದ್ರೆ ವಾಲ್ಕೀ ಅಂತೀನಿ. ಅಲ್ಲಿ ಒಂದೇ ಕಂಪನಿ ಕೂತು ತೀರ್ಮಾನ ಮಾಡೋ ಹಾಗಿಲ್ಲ.

ಒಂದು ಕೆಲಸ ಇವತ್ತೇ ಮಾಡಿ. ಯಾವ ಸಾಫ್ಟ್‌ವೇರಿನ ಯಾವ ಆವೃತ್ತಿ ಓಡಿಸ್ಬೇಕು ಅಂತ ಬರೆದಿರೋ ನಿಮ್ಮ ಡಾಕರ್ ಕಂಪೋಸ್ ಫೈಲ್ ತೆಗೆದು, ರೆಡಿಸ್ ಅಂತಿರೋ ಸಾಲಲ್ಲಿ ಕೋಲನ್ ಆದ್ಮೇಲೆ ಏನಿದೆ ನೋಡಿ. ಹೋದ ವರ್ಷ ಒಂದು ಕಡೆ ತಪಾಸಣೆಗೆ ಹೋದಾಗ ಅಲ್ಲಿ ‘ಲೇಟೆಸ್ಟ್’ ಅಂತಿತ್ತು, ಅಂದ್ರೆ ಯಾವುದು ಹೊಸದೋ ಅದನ್ನೇ ತಗೋ ಅಂತ. ಸರ್ವರ್ ಮತ್ತೆ ಕಟ್ಟಿದಾಗ 7.2 ಹೋಗಿ 7.4 ಬಂದು ಕೂತಿತ್ತು. ಲೈಸೆನ್ಸ್ ಬದಲಾಗಿದ್ದು ತಂಡದಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಮೊದಲ ಪ್ರಶ್ನೆ ಕೇಳಿದವರು: ಈಗಷ್ಟೇ ನೋಡ್ದೆ ಮೇಡಂ. ನಮ್ಮದ್ರಲ್ಲೂ ‘ಲೇಟೆಸ್ಟ್’ ಅಂತಲೇ ಇದೆ.

ಉತ್ತರ: ಹಾಗಾದ್ರೆ ಈಗ ಓಡ್ತಿರೋ ಆವೃತ್ತಿ ಯಾವುದು ಅಂತ ನೋಡಿ ಇಲ್ಲಿ ಹಾಕಿ. ಆ ನಂಬರನ್ನೇ ಫೈಲಲ್ಲಿ ಬರೆದು, ಅದರ ಲೈಸೆನ್ಸ್ ಫೈಲಿನ ಒಂದು ಪ್ರತಿ ಪಕ್ಕದಲ್ಲೇ ಇಟ್ಬಿಡಿ.