ಅಪರಿಚಿತ ಕರೆಗಳನ್ನು ಎತ್ತಲೇಬೇಕಾದ ನಾವು ಸ್ಪ್ಯಾಮ್ ಕರೆಗಳ ಕಾಟ ತಪ್ಪಿಸಿಕೊಳ್ಳುವುದು ಹೇಗೆ?

ಕಾರಟಗಿ ಗುಮಾಸ್ತ:

ಎಲ್ಲರಿಗೂ ನಮಸ್ಕಾರ. ನಾನು ಕಾರಟಗಿಯ ಅಕ್ಕಿ ಗಿರಣಿಯೊಂದರಲ್ಲಿ ಗುಮಾಸ್ತನಾಗಿದ್ದೇನೆ. ಭತ್ತದ ಹಂಗಾಮಿನಲ್ಲಿ ನನಗೆ ಬರುವ ಕರೆಗಳಲ್ಲಿ ಹೆಚ್ಚಿನವು ಫೋನಿನಲ್ಲಿ ಹೆಸರಿಲ್ಲದ ಸಂಖ್ಯೆಗಳಿಂದಲೇ ಬರುತ್ತವೆ. ಲಾರಿ ಚಾಲಕರು ಪ್ರತಿ ಸಲವೂ ಹೊಸಬರು, ರೈತರಂತೂ ಮನೆಯಲ್ಲಿ ಯಾರ ಫೋನಿನಲ್ಲಿ ರೀಚಾರ್ಜ್ ಉಳಿದಿದೆಯೋ ಅದರಿಂದಲೇ ಮಾತನಾಡುತ್ತಾರೆ. ಹಾಗಾಗಿ ಅಪರಿಚಿತ ಸಂಖ್ಯೆಗಳನ್ನೆಲ್ಲ ಸೈಲೆಂಟ್ ಮಾಡಿಬಿಡಿ ಎಂಬ ಸಲಹೆ ನನಗೆ ಒಗ್ಗುವುದಿಲ್ಲ. ಒಮ್ಮೆ ಹಾಗೆ ಮಾಡಿದ್ದಕ್ಕೆ ಸೇಲಂನಿಂದ ಬಂದ ಲಾರಿ ಗೇಟಿನ ಹೊರಗೆ ಮೂರು ತಾಸು ನಿಂತಿತ್ತು, ಮಾಲೀಕರಿಂದ ಬೈಸಿಕೊಂಡದ್ದು ನಾನು.

ಕಳೆದ ಸೋಮವಾರ ತೂಕದ ಚೀಟಿಯೊಂದರ ಹಿಂಬದಿಯಲ್ಲಿ ಗೆರೆ ಎಳೆಯುತ್ತ ಲೆಕ್ಕವಿಟ್ಟೆ. ಬೇಡದ ಕರೆಗಳು ಒಟ್ಟು 17. ಅವುಗಳಲ್ಲಿ 11 ಸಾಲದ ಕರೆಗಳು, 4 ಕ್ರೆಡಿಟ್ ಕಾರ್ಡಿನವು, ಒಂದು ನಿವೇಶನದ್ದು. ಉಳಿದ ಒಂದು ಧ್ವನಿಮುದ್ರಿತ ಕರೆ: ನಿಮ್ಮ ಸಿಮ್ ಎರಡು ಗಂಟೆಯೊಳಗೆ ಬಂದ್ ಆಗಲಿದೆ, ವಿವರಕ್ಕಾಗಿ 9 ಒತ್ತಿ ಎಂದು ಹಿಂದಿಯಲ್ಲಿ ಹೇಳಿತು. ಸಂಖ್ಯೆಗಳನ್ನು ಬ್ಲಾಕ್ ಮಾಡುತ್ತಲೇ ಇದ್ದೇನೆ, ಮರುದಿನ ಕೊನೆಯ ಎರಡು ಅಂಕಿ ಬದಲಾಗಿ ಅದೇ ಧ್ವನಿ ಬರುತ್ತದೆ. ಡಿಎನ್‌ಡಿ, ಅಂದರೆ ಪ್ರಚಾರದ ಕರೆ ಬೇಡವೆಂಬ ನೋಂದಣಿ, ಹಾಕಿಸಿದರೆ ಬ್ಯಾಂಕಿನ ಓಟಿಪಿ ನಿಂತುಹೋಗುತ್ತದೆ ಎಂದು ಸಹೋದ್ಯೋಗಿಯೊಬ್ಬರು ಹೆದರಿಸಿದ್ದಾರೆ. ಬಲ್ಲವರು ದಾರಿ ತೋರಿಸಬೇಕೆಂದು ಕೋರುತ್ತೇನೆ.

ಸಿಂಧನೂರು ಮೊಬೈಲ್ ರಿಪೇರಿ:

ಗುಮಾಸ್ತರೆ, ಮೊದಲು ಆ ಓಟಿಪಿಯ ಭಯ ಬಿಡಿ. ಡಿಎನ್‌ಡಿ ತಡೆಯುವುದು ಪ್ರಚಾರದ ಕರೆ ಮತ್ತು ಸಂದೇಶಗಳನ್ನು ಮಾತ್ರ; ಓಟಿಪಿ, ಖಾತೆಗೆ ಹಣ ಬಂದ ಸಂದೇಶ, ಗ್ಯಾಸ್ ಬುಕಿಂಗ್ ಸಂದೇಶ ಇವೆಲ್ಲ ಮೊದಲಿನಂತೆಯೇ ಬರುತ್ತವೆ. ಇಂಗ್ಲಿಷ್ ಅಕ್ಷರಗಳಲ್ಲಿ ಸ್ಟಾರ್ಟ್ ಎಂದು ಬರೆದು, ಒಂದು ಜಾಗ ಬಿಟ್ಟು, ಸೊನ್ನೆ ಹಾಕಿ 1909ಕ್ಕೆ ಸಂದೇಶ ಕಳುಹಿಸಿದರೆ ಎಲ್ಲ ಬಗೆಯ ಪ್ರಚಾರಕ್ಕೂ ತಡೆ ಬೀಳುತ್ತದೆ. ಸೊನ್ನೆಯ ಬದಲು 1 ಹಾಕಿದರೆ ಬ್ಯಾಂಕು, ವಿಮೆ, ಸಾಲದ ಪ್ರಚಾರಕ್ಕೆ ಮಾತ್ರ, 2 ಹಾಕಿದರೆ ನಿವೇಶನ, ಮನೆ ಮಾರಾಟದವರಿಗೆ ಮಾತ್ರ ತಡೆ. ನಿಮ್ಮ ಲೆಕ್ಕ ನೋಡಿದರೆ ಸೊನ್ನೆಯೇ ಲೇಸು.

ಆದರೆ ಡಿಎನ್‌ಡಿ ಹಾಕಿಸಿದವರು ನಾಲ್ಕೇ ದಿನಕ್ಕೆ ನನ್ನ ಅಂಗಡಿಗೆ ಬಂದು, ಏನೂ ಆಗಲಿಲ್ಲ ಎಂದು ದೂರುವುದುಂಟು. ಅದಕ್ಕೆ ಕಾರಣವಿದೆ. ನೋಂದಾಯಿತ ಟೆಲಿಮಾರ್ಕೆಟಿಂಗ್ ಕಂಪನಿಗಳು 140ರಿಂದ ಆರಂಭವಾಗುವ ಸಂಖ್ಯೆಯಿಂದಲೇ ಪ್ರಚಾರದ ಕರೆ ಮಾಡಬೇಕೆಂಬ ನಿಯಮವಿದೆ, ಡಿಎನ್‌ಡಿ ಅವರನ್ನು ತಡೆಯುತ್ತದೆ. ನಿಮ್ಮನ್ನು ಕಾಡುತ್ತಿರುವವರು ಬಹುತೇಕ ನೋಂದಣಿಯನ್ನೇ ಮಾಡಿಸದೆ ಸಾಮಾನ್ಯ ಹತ್ತಂಕಿಯ ಸಿಮ್‌ಗಳಿಂದ ಕರೆ ಮಾಡುವವರು. ಅವರಿಗೆ ಮದ್ದು ದೂರು ಒಂದೇ. ಕರೆಯಲ್ಲಿ ಏನು ಹೇಳಿದರೆಂಬುದನ್ನು ಒಂದು ಸಾಲಿನಲ್ಲಿ ಬರೆದು, ಅಲ್ಪವಿರಾಮ ಹಾಕಿ ಅವರ ಸಂಖ್ಯೆ, ಮತ್ತೆ ಅಲ್ಪವಿರಾಮ ಹಾಕಿ ಕರೆ ಬಂದ ದಿನಾಂಕ ನಮೂದಿಸಿ 1909ಕ್ಕೇ ಕಳುಹಿಸಿ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ ಡಿಎನ್‌ಡಿ ಆ್ಯಪ್‌ನಲ್ಲಿಯೂ ಇದನ್ನು ಮಾಡಬಹುದು. ಕರೆ ಬಂದ 7 ದಿನಗಳೊಳಗೆ ದೂರು ಸಲ್ಲಬೇಕು. 2025ರ ಫೆಬ್ರುವರಿಯ ತಿದ್ದುಪಡಿಗೆ ಮೊದಲು ಈ ಅವಧಿ ಬರೀ 3 ದಿನವಿತ್ತು.

ನನ್ನದೊಬ್ಬನ ದೂರಿನಿಂದ ಏನಾದೀತು ಎಂದು ಸುಮ್ಮನಿರಬೇಡಿ, ಈ ವ್ಯವಸ್ಥೆ ನಿಂತಿರುವುದೇ ಎಣಿಕೆಯ ಮೇಲೆ. ನೋಂದಣಿಯಿಲ್ಲದವರ ವಿರುದ್ಧ ಮೊದಲು 7 ದಿನಗಳಲ್ಲಿ 10 ದೂರುಗಳು ಬಂದರೆ ಮಾತ್ರ ಕ್ರಮ ಆರಂಭವಾಗುತ್ತಿತ್ತು, ಈಗ 10 ದಿನಗಳಲ್ಲಿ 5 ದೂರುಗಳು ಸಾಕು. ತಪ್ಪು ಸಾಬೀತಾದರೆ ಮೊದಲ ಸಲಕ್ಕೆ ಅವರ ಎಲ್ಲ ಸಂಪರ್ಕಗಳ ಹೊರಹೋಗುವ ಕರೆಗಳು 15 ದಿನ ಬಂದ್. ಮತ್ತೆ ಮಾಡಿದರೆ ಎಲ್ಲ ದೂರಸಂಪರ್ಕ ಕಂಪನಿಗಳಲ್ಲಿರುವ ಅವರ ಸಂಪರ್ಕವೂ ಒಂದು ವರ್ಷ ಕಡಿತ. ನೀವು ಬ್ಲಾಕ್ ಮಾಡಿದಾಗ ಆ ಕರೆ ನಿಮ್ಮ ಫೋನಿಗೆ ಮಾತ್ರ ಬರುವುದಿಲ್ಲ, ಪಕ್ಕದ ಗಿರಣಿಯವರಿಗೆ ಬರುತ್ತಲೇ ಇರುತ್ತದೆ.

ಬಳ್ಳಾರಿ ನಿವೃತ್ತ:

ನಾನು ಬ್ಯಾಂಕಿನಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತನಾದವನು. ಮೇಲಿನವರು ಹೇಳಿದ್ದೆಲ್ಲ ಸರಿ, ಆದರೆ ಗುಮಾಸ್ತರು ಕೊನೆಯಲ್ಲಿ ಹೇಳಿದ 9 ಒತ್ತಿ ಎಂಬ ಕರೆಯನ್ನು ಉಳಿದ ಹದಿನಾರರ ಸಾಲಿಗೆ ಸೇರಿಸಬಾರದು. ಸಾಲ ಮಾರುವವನದು ಕಿರಿಕಿರಿ, ಇದು ಕಳ್ಳತನದ ಯತ್ನ. ಯಾರ ಮೊಬೈಲ್ ಸಂಪರ್ಕವನ್ನೂ ಬಂದ್ ಮಾಡುತ್ತೇವೆಂದು ತಾನು ಗ್ರಾಹಕರಿಗೆ ಕರೆ ಮಾಡುವುದಿಲ್ಲವೆಂದು ಟ್ರಾಯ್ ಬಹಿರಂಗವಾಗಿಯೇ ತಿಳಿಸಿದೆ. ಹಾಗೆ 9 ಒತ್ತಿದವರಿಗೆ ಅಧಿಕಾರಿಯ ಗತ್ತಿನಲ್ಲಿ ಮಾತನಾಡುವವನೊಬ್ಬ ಸಿಗುತ್ತಾನೆ, ನಿಮ್ಮ ಆಧಾರ್‌ನಿಂದ ಅಪರಾಧ ನಡೆದಿದೆ ಎನ್ನುತ್ತಾನೆ, ಆಮೇಲೆ ಪೊಲೀಸ್ ಸಮವಸ್ತ್ರ ಧರಿಸಿದ ಇನ್ನೊಬ್ಬ ವಿಡಿಯೊ ಕರೆಯಲ್ಲಿ ಬಂದು ಡಿಜಿಟಲ್ ಅರೆಸ್ಟ್ ಎಂದು ಹೆದರಿಸಿ ಹಣ ಕೀಳುತ್ತಾನೆ. ನಮ್ಮ ಕಾನೂನಿನಲ್ಲಿ ಡಿಜಿಟಲ್ ಅರೆಸ್ಟ್ ಎಂಬುದೇ ಇಲ್ಲ.

ಇಂಥ ಕರೆಗಳನ್ನು ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಪೋರ್ಟಲ್ ಅಥವಾ ಆ್ಯಪ್‌ನಲ್ಲಿರುವ ಚಕ್ಷು ವಿಭಾಗದಲ್ಲಿ ವರದಿ ಮಾಡಬೇಕು. ಹಣ ಈಗಾಗಲೇ ಹೋಗಿದ್ದರೆ ಚಕ್ಷುವಿನಲ್ಲಿ ಕಾಲ ಕಳೆಯದೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು, ಏಕೆಂದರೆ ಹಣ ಖಾತೆಯಿಂದ ಖಾತೆಗೆ ದಾಟುವ ಮೊದಲೇ ತಡೆಹಿಡಿಯಲು ಸಾಧ್ಯವಾಗುವುದು ಆರಂಭದ ಹೊತ್ತಿನಲ್ಲಿ ಮಾತ್ರ. ಇನ್ನು ಬ್ಯಾಂಕಿನ ಹೆಸರಿನಲ್ಲಿ ಕರೆ ಬಂದಾಗ ಸಂಖ್ಯೆ 1600ರಿಂದ ಆರಂಭವಾಗಿದೆಯೇ ನೋಡಿ. ಬ್ಯಾಂಕು ಮತ್ತು ವಿಮಾ ಸಂಸ್ಥೆಗಳ ಸೇವಾ ಕರೆಗಳಿಗೆಂದು ಮೀಸಲಿಟ್ಟ ಸರಣಿ ಅದು. ಹಾಗೆಂದು ಆ ಸಂಖ್ಯೆ ಕಂಡ ಮಾತ್ರಕ್ಕೆ ಓಟಿಪಿ ಹೇಳಿಬಿಡಬೇಡಿ, ಓಟಿಪಿಯನ್ನು ಕೇಳುವ ಬ್ಯಾಂಕೇ ಇಲ್ಲ.

ಮಾನ್ವಿ ಮೇಷ್ಟ್ರು:

ಕರೆ ಮಾಡಿದವರ ಹೆಸರು ತೋರಿಸುವ ಆ್ಯಪ್ ಹಾಕಿಕೊಳ್ಳಿ ಎಂದು ಯಾರಾದರೂ ಹೇಳುವ ಮೊದಲೇ ಒಂದು ಮಾತು. ಅಂಥ ಆ್ಯಪ್‌ಗಳಿಗೆ ಹೆಸರು ಸಿಗುವುದು ಬಹುಪಾಲು ಬಳಕೆದಾರರಿಂದಲೇ; ಯಾರೋ ನಾಲ್ಕು ಜನ ಸಿಟ್ಟಿನಿಂದ ಸ್ಪ್ಯಾಮ್ ಎಂದು ಗುರುತು ಹಾಕಿದರೆ ಪಾಪ, ದಿನವಿಡೀ ಊರೂರಿಗೆ ಕರೆ ಮಾಡುವ ಲಾರಿ ಬ್ರೋಕರನ ಸಂಖ್ಯೆಯೂ ಕೆಂಪಾಗುತ್ತದೆ. ಹೆಸರು ನೋಡಿ, ತೀರ್ಮಾನ ನೀವೇ ಮಾಡಿ. ಕರೆ ತಾನಾಗಿಯೇ ಕಡಿತಗೊಳ್ಳುವ ಆಯ್ಕೆಯನ್ನು ಮಾತ್ರ ಆನ್ ಮಾಡಬೇಡಿ. ವಾಟ್ಸ್ಆ್ಯಪ್‌ನಲ್ಲಿ ಅಪರಿಚಿತ ಕರೆಗಳನ್ನು ಮೌನಗೊಳಿಸುವ ಸೆಟ್ಟಿಂಗ್ ಇದೆ, ಚಾಲಕರು ನಿಮಗೆ ಅಲ್ಲಿ ಕರೆ ಮಾಡುವುದಿಲ್ಲವಾದರೆ ಅದನ್ನು ಇವತ್ತೇ ಆನ್ ಮಾಡಿ.

ಇನ್ನೊಂದು ಸಂಶಯ. ನಿಮಗೆ ಸಾಲದ ಕರೆಗಳೇ 11 ಎಂದರೆ, ಯಾವುದಾದರೂ ಆ್ಯಪ್‌ನಲ್ಲಿ ಎಷ್ಟು ಸಾಲ ಸಿಗಬಹುದೆಂದು ಎಂದಾದರೂ ನೋಡಿದ್ದಿರಾ? ಷರತ್ತುಗಳನ್ನು ಓದದೆ ಒಪ್ಪಿಗೆಯ ಚೌಕಕ್ಕೆ ಟಿಕ್ ಹಾಕಿದ್ದರೆ, ನೀವು ಒಪ್ಪಿಗೆ ಕೊಟ್ಟ ಕಂಪನಿಗೆ ಡಿಎನ್‌ಡಿ ಅಡ್ಡಿಯಾಗುವುದಿಲ್ಲ. ಆ ಒಪ್ಪಿಗೆಯನ್ನು ಆ ಕಂಪನಿಗೇ ಬರೆದು ಹಿಂಪಡೆಯಬೇಕು.

ಕಾರಟಗಿ ಗುಮಾಸ್ತ:

ಮೂವರಿಗೂ ವಂದನೆಗಳು, ಉತ್ತರಿಸಲು ಮೂರು ವಾರ ತಡವಾಯಿತು. ಮೇಷ್ಟ್ರ ಸಂಶಯ ನಿಜವಾಗಿತ್ತು: ಹೋದ ಯುಗಾದಿಯ ಮುಂದೆ ಟ್ರ್ಯಾಕ್ಟರ್ ಸಾಲಕ್ಕೆಂದು ಭಾವನವರ ಪರವಾಗಿ ಎರಡು ಕಡೆ ನನ್ನ ಸಂಖ್ಯೆ ಕೊಟ್ಟಿದ್ದೆ. ಎರಡೂ ಕಡೆ ಒಪ್ಪಿಗೆ ಹಿಂಪಡೆದಿದ್ದೇನೆ. ಡಿಎನ್‌ಡಿ ಆಗಿದೆ, ಓಟಿಪಿ ಬರುತ್ತಿದೆ. ಇದುವರೆಗೆ 23 ದೂರು ಕಳುಹಿಸಿದ್ದು, ದಿನಾಂಕ ತಪ್ಪಾಗಿ ಬರೆದ ಎರಡು ತಿರಸ್ಕೃತವಾದವು. ನಿನ್ನೆಯ ಚೀಟಿಯಲ್ಲಿ ಗೆರೆಗಳು ಆರು.

ಸಂಚಾರ್ ಸಾಥಿ ತೆರೆದಾಗ ಕೇಳದೆಯೇ ಇನ್ನೊಂದು ಉಪಯೋಗವಾಯಿತು. ನಮ್ಮ ಹೆಸರಿನಲ್ಲಿ ಎಷ್ಟು ಸಿಮ್‌ಗಳಿವೆ ಎಂದು ಅದರಲ್ಲಿ ನೋಡಬಹುದೆಂದು ಗೊತ್ತಾಗಿ, ಗೋದಾಮಿನ ಹಮಾಲರೂ ಒಬ್ಬೊಬ್ಬರಾಗಿ ಫೋನ್ ಹಿಡಿದು ಬಂದರು. ಒಂದೇ ಸಿಮ್ ಬಳಸುವ ಒಬ್ಬರ ಹೆಸರಿನಲ್ಲಿ ನಾಲ್ಕು ಸಂಖ್ಯೆಗಳಿದ್ದವು. ಹಿಂದೊಮ್ಮೆ ಸಿಮ್ ಕೊಳ್ಳುವಾಗ ಬೆರಳಚ್ಚು ಸರಿಯಾಗಿ ಬರಲಿಲ್ಲವೆಂದು ಅಂಗಡಿಯವನು ಮತ್ತೆ ಮತ್ತೆ ಒತ್ತಿಸಿಕೊಂಡಿದ್ದನಂತೆ. ಆ ಮೂರೂ ತನ್ನವಲ್ಲವೆಂದು ಅಲ್ಲಿಯೇ ವರದಿ ಮಾಡಿಸಿದೆವು.

ಸಿಂಧನೂರಿನವರಿಗೆ ಒಂದು ಪ್ರಶ್ನೆ: ಗಿರಣಿಯ ಕಚೇರಿಯಲ್ಲಿರುವ ಕೀಪ್ಯಾಡ್ ಫೋನಿನಿಂದಲೂ 1909ಕ್ಕೆ ಇದೇ ರೀತಿ ದೂರು ಕಳುಹಿಸಬಹುದೆ?

ಸಿಂಧನೂರು ಮೊಬೈಲ್ ರಿಪೇರಿ:

ಧಾರಾಳವಾಗಿ ಕಳುಹಿಸಬಹುದು, ಎಸ್‌ಎಂಎಸ್ ಹೋಗುವ ಯಾವ ಫೋನಾದರೂ ನಡೆಯುತ್ತದೆ. ಆದರೆ ಕರೆ ಯಾವ ಸಂಖ್ಯೆಗೆ ಬಂದಿತ್ತೋ ಅದೇ ಸಿಮ್‌ನಿಂದ ಕಳುಹಿಸಿ.